ಎರಡು ಹಾರ್ನ್

ನಾವು ಮೂವರು ಗೆಳೆಯರು ಭಾನುವಾರ ಬಂತೆಂದರೆ ಹಳೇ ಬೈಕುಗಳನ್ನು ಗುಡ್ಡದ ಮಣ್ಣುದಾರಿಗೆ ನುಗ್ಗಿಸುವವರು. ಆ ವಾರ ಭಾವನೂ ಜೊತೆಗೆ ಬಂದಿದ್ದರು. "ಅವರಿಗೆ ಅಭ್ಯಾಸ ಇಲ್ಲ, ನೋಡ್ಕೊಳ್ಳೋ," ಎಂದು ಅಕ್ಕ ನನಗೆ ಹೇಳಿ ಕಳಿಸಿದ್ದಳು.

ಆಚೆ ಬದಿ ಕಾಣದ ದಿಬ್ಬವೊಂದರ ಮೇಲೆ ನಿಂತೆವು.

"ಮೊದಲು ಒಬ್ಬ ಇಳೀತಾನೆ ಭಾವ. ದಾರಿ ಸರಿಯಿದ್ರೆ ಎರಡು ಸಲ ಹಾರ್ನ್ ಹೊಡೀತಾನೆ. ಆಮೇಲೆ ಇನ್ನೊಬ್ಬ."

"ನಂಬಬಹುದಾ ನಿಮ್ಮನ್ನ?"

"ಇದರಲ್ಲಿ ಯಾರೂ ತಮಾಷೆ ಮಾಡಲ್ಲ."

ಯೋಗೀಶ ಇಳಿದ. ಸ್ವಲ್ಪ ಹೊತ್ತಿಗೆ ಎರಡು ಹಾರ್ನ್ ಕೇಳಿಸಿತು. ಇಮ್ತಿಯಾಜ್ ಇಳಿದ. ಮತ್ತೆ ಎರಡು ಹಾರ್ನ್. ನಾನು ಗೇರ್ ಹಾಕಿ ಬಿಟ್ಟೆ.

ದಿಬ್ಬ ದಾಟಿದರೆ ದಾರಿಯೇ ಇರಲಿಲ್ಲ. ಮಳೆನೀರು ಕೊರೆದ ಆಳುದ್ದದ ಕೊರಕಲಿಗೆ ಬೈಕ್ ಸಮೇತ ಬಿದ್ದೆ. ಬಲಗೈ ಲಟಕ್ಕೆಂದಿತು. ಪಕ್ಕದಲ್ಲಿ ಯೋಗೀಶ ಮುರಿದ ಕಾಲು ಹಿಡಿದು ಕೂತಿದ್ದ. ಇಮ್ತಿಯಾಜನ ಬಾಯಿಂದ ರಕ್ತ ಸುರಿಯುತ್ತಿತ್ತು. ನನ್ನನ್ನು ನೋಡಿ ಇಬ್ಬರೂ ಬಿದ್ದು ಬಿದ್ದು ನಕ್ಕರು.

"ಯಾಕ್ರೋ ಹಾರ್ನ್ ಹೊಡೆದ್ರಿ?"

"ನಾವಿಬ್ರೇ ಬಿದ್ದಿದ್ರೆ ನೀನು ಸಾಯೋವರೆಗೂ ಆಡ್ಕೊಂಡು ನಗ್ತಿದ್ದೆ," ಎಂದ ಯೋಗೀಶ.

ಮೇಲಿನಿಂದ ಭಾವ ಕೂಗಿದರು. "ದಾರಿ ಹೇಗಿದೆಯೋ? ಬರ್ಲಾ?"

ಗೆಳೆಯರಿಬ್ಬರೂ ನಗು ನಿಲ್ಲಿಸಿ ನನ್ನ ಮುಖ ನೋಡಿದರು. ಹಬ್ಬಕ್ಕೆ ಸೇರಿದ ನೆಂಟರ ಮುಂದೆ ನಾನು ಬಿದ್ದದ್ದನ್ನು ಭಾವ ನಟಿಸಿ ತೋರಿಸುವುದು ಕಣ್ಣಿಗೆ ಕಟ್ಟಿತು. ಮಗುಚಿ ಬಿದ್ದಿದ್ದರೂ ನನ್ನ ಬೈಕಿನ ಎಂಜಿನ್ ಇನ್ನೂ ಗುರುಗುಡುತ್ತಿತ್ತು.

ಎಡಗೈ ಚಾಚಿ ಎರಡು ಸಲ ಹಾರ್ನ್ ಒತ್ತಿದೆ.