ಕುಷ್ಟಗಿಯವರ ರಕ್ತ

ಮೊಮ್ಮಗನ ಅಂಗಿ ಎತ್ತಿ ನೋಡಿದ ಪಕೀರಮ್ಮನ ಪಿತ್ತ ನೆತ್ತಿಗೇರಿತು. ಬೆನ್ನ ಮೇಲೆ ಅಂಗೈಯಗಲದ ನೀಲಿ ಬಾವು. ನಿನ್ನೆ ಇರಲಿಲ್ಲ. ಮೊನ್ನೆ ಮೊಣಕಾಲಿಗಿತ್ತು, ಹೋದ ವಾರ ತೋಳಿಗೆ.

“ಮತ್ತ ಹೊಡದಿಯಲ್ಲ?”

ಒಲೆಯ ಮುಂದಿದ್ದ ಸೊಸೆ ಮಾರೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಇಲ್ಲಮ್ಮಾ. ಹೊಸ್ತಿಲದಾಗ ಎಡವಿ ಬಿದ್ದ, ಅಷ್ಟ.”

“ಊರಾಗಿನ ಹುಡುಗರೆಲ್ಲಾ ಬೀಳ್ತಾವ. ಅವಕ್ಯಾಕ ಹಿಂಗ ಆಗಂಗಿಲ್ಲ?”

ಮಾರೆವ್ವ ತಲೆ ತಗ್ಗಿಸಿ ಮತ್ತೆ ರೊಟ್ಟಿ ಬಡಿಯತೊಡಗಿದಳು. ತಲೆ ತಗ್ಗಿಸಿದವಳೇ ಕಳ್ಳಿ ಎಂದು ಪಕೀರಮ್ಮ ತೀರ್ಮಾನಿಸಿದ್ದಳು. ತಳಕಲ್ಲಿನ ಆ ಮನೆಯಲ್ಲಿ ಅವಳ ತೀರ್ಮಾನಕ್ಕೆ ಅಪೀಲಿಲ್ಲ. ಹೆತ್ತ ಗಂಡುಮಕ್ಕಳಲ್ಲಿ ಉಳಿದವನು ತಿರುಪತಿ ಒಬ್ಬನೇ. ಅವನಿಗೂ ಒಬ್ಬನೇ ಮಗ, ಈ ಮೂರು ವರ್ಷದ ಬಾಲಪ್ಪ. ವಂಶಕ್ಕಿರುವ ಒಂದೇ ಕುಡಿಗೆ ಕೇಡು ಬಗೆಯುವವಳಿಗೆ ಅನ್ನ ಹಾಕುವುದುಂಟೇ? ಸೊಸೆಯನ್ನು ಕುಷ್ಟಗಿಗೆ ಅಟ್ಟಬೇಕು, ಕೂಸನ್ನು ಇಟ್ಟುಕೊಳ್ಳಬೇಕು, ಮಗನಿಗೆ ಇನ್ನೊಂದು ಲಗ್ನ ಮಾಡಬೇಕು. ಕನಕಗಿರಿಯಲ್ಲಿ ಹೆಣ್ಣೂ ನೋಡಿಯಾಗಿತ್ತು. ಬೇಕಿದ್ದುದು ನಾಲ್ಕು ಜನ ಒಪ್ಪುವಂಥ ಒಂದು ಮಾತು.

ಆ ಮಾತು ಅಂದು ಬೆಳಿಗ್ಗೆ ತಾನಾಗಿಯೇ ಬಾಗಿಲಿಗೆ ನಡೆದು ಬಂತು. ಕೊಪ್ಪಳದಿಂದ ಯಲಬುರ್ಗಾಕ್ಕೆ ಹೊರಟಿದ್ದ ಜಾಥಾ. ಮುಂದೆ ಹಲಗೆ ಬಾರಿಸುವವರ ಸದ್ದು, ಬಿಳಿ ಬಟ್ಟೆಯ ಮೇಲೆ ಕೆಂಪಕ್ಷರ: ‘ರಕ್ತ ನಿಲ್ಲದ ರೋಗ: ತಿಳಿಯಿರಿ, ತಿಳಿಸಿರಿ.’ ಹಿಂದೆ ಸಾಲಿ ಮಾಸ್ತರರು, ರೋಗಿಗಳ ಔಷಧಿಗೆಂದು ಚಂದಾ ಎತ್ತುವ ನರ್ಸುಗಳು, ಅವರ ನಡುವೆ ಗಂಗಾವತಿಯ ಡಾಕ್ಟರು ಹಸೀನಾಬೇಗಂ.

ಪಕೀರಮ್ಮ ಕೂಸನ್ನು ಕಂಕುಳಿಗೇರಿಸಿದಳು. ಸೊಸೆಯ ರಟ್ಟೆ ಹಿಡಿದು ಎಳೆದುಕೊಂಡೇ ಜಾಥಾದೊಳಗೆ ನುಗ್ಗಿದಳು. ಪಕ್ಕದ ಮನೆಯ ಭೀಮಕ್ಕ ಸೆರಗು ಸರಿಪಡಿಸಿಕೊಳ್ಳುತ್ತ ಓಡಿ ಬಂದಳು.

“ಬಿಡ ಪಕೀರವ್ವ, ಮಂದಿ ನೋಡಾಕತ್ತಾರ. ಎಷ್ಟಾದ್ರೂ ಅಕಿ ನಿನ್ನ...”

“ನನ್ನ ಏನು? ಕುಷ್ಟಗಿಯವರ ಹೆಣ್ಣು ಅಕಿ! ಅಪ್ಪನ ಮನೆತನದ ರಕ್ತ ಎಲ್ಲಿ ಹೋಗತೈತಿ?”

ಭೀಮಕ್ಕ ಹಿಂದೆ ಸರಿದಳು. ಪಕೀರಮ್ಮನ ನಾಲಿಗೆಗೆ ಎದುರು ನಿಂತು ಗೆದ್ದವರು ಆ ಓಣಿಯಲ್ಲಿ ಹುಟ್ಟಿರಲಿಲ್ಲ.

“ಡಾಕ್ಟರ ಬಾಯರ, ನಿಂದರ್ರಿ! ಹೆತ್ತ ಕೂಸಿಗೆ ಹೆಂಗ ಹೊಡದಾಳ ನೋಡ್ರಿ. ನೋಡಿ, ನಾಕು ಮಂದಿ ಮುಂದ ಹೇಳ್ರಿ.”

ಹಲಗೆಯ ಸದ್ದು ನಿಂತಿತು. ಹಸೀನಾಬೇಗಂ ಬೇವಿನ ಮರದ ನೆರಳಿನಲ್ಲಿ ಕೂತು ಕೂಸಿನ ಬೆನ್ನು, ಮೊಣಕಾಲು, ಒಸಡು ನೋಡಿದರು. ಬಾವನ್ನು ಒತ್ತಲಿಲ್ಲ, ಬೆರಳ ತುದಿಯಿಂದ ಮುಟ್ಟಿದರಷ್ಟೇ.

“ಯಾರೂ ಹೊಡದಿಲ್ಲ. ಒಳಗ ರಕ್ತ ಸೋರಿ ಹಿಂಗ ಆಗೈತಿ. ಪರೀಕ್ಷಾ ಮಾಡಸಬೇಕು. ಆದ್ರ ನಾವು ಯಾವ ರೋಗದ ಸಲುವಾಗಿ ನಡಿಯಾಕತ್ತೀವೋ, ಅದ ಇದ್ದಂಗ ಕಾಣತೈತಿ.”

ಕೂಸು ಉಳಿಯುತ್ತದೋ ಇಲ್ಲವೋ ಎಂಬ ದಿಗಿಲಿಗೆ ಪಕೀರಮ್ಮ ಅದನ್ನು ಮತ್ತೆ ಕಂಕುಳಿಗೆ ಎಳೆದುಕೊಂಡಳು. ಆದರೂ ಸಂಶಯ ಸುಮ್ಮನಿರಬೇಕಲ್ಲ!

“ಎಲ್ಲಿಂದ ಬಂತ್ರೀ ಇದು? ಇದರಪ್ಪಗಿಲ್ಲ, ಮುತ್ಯಾಗ ಇರಲಿಲ್ಲ.”

“ಇದು ತಂದಿಯಿಂದ ಮಗಗ ಬರಂಗಿಲ್ಲ ಯವ್ವಾ. ತಾಯಿಯಿಂದ ಬರತೈತಿ. ತಾಯಿಗೆ ಅಷ್ಟು ತ್ರಾಸ ಇರಂಗಿಲ್ಲ, ಗಂಡುಮಕ್ಕಳಿಗೆ ಹತ್ತತೈತಿ.”

ಅಬ್ಬಾ, ಬೇಕಾದ ಮಾತು ಸಿಕ್ಕೇಬಿಟ್ಟಿತು!

“ಕೇಳಿದ್ರೇನ್ರೆಪಾ ಎಲ್ಲಾರೂ? ತಾಯಿಯಿಂದನಂತ! ಹೊಡೀಲಿಲ್ಲಂದ್ರ ಏನಾತು, ವಿಷ ಇಕಿ ರಕ್ತದಾಗ ಐತಿ. ಇವತ್ತ ಕುಷ್ಟಗಿ ಬಸ್ಸು ಹತ್ತಸ್ತೀನಿ. ಕೂಸು ಮಾತ್ರ ನನ್ನ ಹಂತ್ಯಾಕ ಇರತೈತಿ.”

ಭೀಮಕ್ಕ ಎತ್ತಲೋ ನೋಡುತ್ತ, “ನೂಲಿನಂಗ ಸೀರಿ, ತಾಯಿಯಂಗ ಮಗಳು” ಎಂದಳು.

“ಹಂಗ ಹೇಳು ಮತ್ತ!” ಪಕೀರಮ್ಮ ಹಿಗ್ಗಿದಳು.

ಮಾರೆವ್ವ ಮಗನತ್ತ ಎರಡೂ ಕೈ ಚಾಚಿದಳು. ಪಕೀರಮ್ಮ ಕೂಸನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡಳು. ಮಾರೆವ್ವನ ಕಣ್ಣೀರು ಧಾರಾಕಾರವಾಗಿ ಇಳಿಯಿತು. ಹೊಡೆದಳೆಂಬ ಮಾತನ್ನಾದರೂ ನುಂಗಬಹುದಿತ್ತು, ಮಗನನ್ನು ಬಿಟ್ಟು ಹೇಗೆ ಹೋಗುವುದು?

ಡಾಕ್ಟರು ಚೀಟಿ ಬರೆಯಲು ಕಾಗದ ತೆಗೆದರು. “ಅಕಿ ಮ್ಯಾಲ ಯಾಕ ಸಿಟ್ಟಾಗ್ತೀರಿ? ಅಕಿಗೆ ಅವರವ್ವನಿಂದ ಬಂದಿರತೈತಿ, ಅವರವ್ವಗ ಅಕಿನ ಹಡದಾಕಿಯಿಂದ. ತಂಗೀ, ಅಳಬ್ಯಾಡ, ಇಷ್ಟ ಹೇಳು. ನಿಮ್ಮವ್ವನ ಅಣ್ಣತಮ್ಮಂದಿರೊಳಗ ಯಾರಿಗರ ಹಿಂಗ ಆಗಿತ್ತೇನು?”

ಪಕೀರಮ್ಮನ ತೋಳು ಸಡಿಲಾದದ್ದೇ ತಡ, ಕೂಸು ಜಾರಿಕೊಂಡು ತಾಯಿಯ ಹತ್ತಿರ ಓಡಿತು.

ಮಾರೆವ್ವ ಅದನ್ನು ಎತ್ತಿಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದಳು: “ನಮ್ಮವ್ವಗ ಇಬ್ಬರ ತಮ್ಮಂದಿರ್ರೀ. ಒಬ್ಬಾಂವ ಸಣ್ಣಾಂವಿದ್ದಾಗ ಹಾಲುಹಲ್ಲು ಬಿದ್ದು, ಮೂರು ದಿನ ರಕ್ತ ನಿಲ್ಲದ ಸತ್ನಂತ್ರಿ. ಇನ್ನೊಬ್ಬಾಂವ ನನ್ನ ಗಂಡ.”