ಆ ತುದಿಯ ಭಾರ

“ಹಲ್ಲು ಕೀಳೋ ಹಾಗೆ ಹಿಡ್ಕೊಂಡಿದ್ದೀರಲ್ಲ ಡಾಕ್ಟ್ರೇ! ಸ್ವಲ್ಪ ಸಡಿಲ ಬಿಡಿ, ಅದೇನೂ ಓಡಿಹೋಗಲ್ಲ,” ಎಂದು ಗಾಲ್ಫ್ ಕಲಿಸುವ ಹುಡುಗಿ ನಕ್ಕಳು. ಹಲ್ಲಿನ ಡಾಕ್ಟರ ಬೆರಳುಗಳು ಚೆಂಡು ಹೊಡೆಯುವ ಉದ್ದನೆಯ ಕ್ಲಬ್ಬಿನ ಹಿಡಿಯ ಮೇಲೆ ಬಿಳುಚಿಕೊಂಡಿದ್ದವು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಸಂಜೆ ಕಳೆಯಲಾರದೆ ಅವರು ಈ ಗಾಲ್ಫ್ ಮೈದಾನಕ್ಕೆ ಬರುತ್ತಿದ್ದರು. ಚೆಂಡು ಮಾತ್ರ ಇದ್ದಲ್ಲಿಂದ ಕದಲುತ್ತಿರಲಿಲ್ಲ.

“ಚೆಂಡು ಮರೆತುಬಿಡಿ. ಕಣ್ಮುಚ್ಕೊಂಡು ಸುಮ್ಮನೆ ಬೀಸಿ. ಆ ತುದಿಯ ಭಾರ ತಾನಾಗೇ ಕೈಗೆ ಗೊತ್ತಾಗುತ್ತೆ.”

ಡಾಕ್ಟರು ಕಣ್ಣು ಮುಚ್ಚಿ, ಬೆರಳು ಸಡಿಲಿಸಿ ಬೀಸಿದರು. ಹಿಂದಕ್ಕೆ ಏರಿದ ಕ್ಲಬ್ಬು ಇಳಿಯತೊಡಗಿದಾಗ ಅದರ ತುದಿಯ ಭಾರವಾದ ತಲೆ ಅವರ ಬೆರಳುಗಳನ್ನು ಮೆಲ್ಲಗೆ ಜಗ್ಗಿತು, ಆ ಕಡೆ ಯಾರೋ ಇದ್ದಾರೆ ಎನ್ನುವ ಹಾಗೆ. ಅವರು ಹಾಗೇ ನಿಂತುಬಿಟ್ಟರು.

ಆಸ್ಪತ್ರೆಯ ಕೊನೆಯ ದಿನ, ಮಾತು ನಿಂತುಹೋಗಿದ್ದ ಹೆಂಡತಿಯ ಕೈಯನ್ನು ಅವರು ಬೆಳಗಿನಿಂದ ಗಟ್ಟಿಯಾಗಿ ಹಿಡಿದೇ ಕೂತಿದ್ದರು. “ಅಮ್ಮ ಒಂದ್ಸಲಾನಾದ್ರೂ ಕೈ ಒತ್ತಿದ್ಳಾ ಅಪ್ಪಾ?” ಎಂದು ಆಮೇಲೆ ಮಗಳು ಕೇಳಿದಾಗ, “ಇಲ್ಲ ಕಣಮ್ಮಾ,” ಎಂದಿದ್ದರು.

“ಈಗ ಗೊತ್ತಾಯ್ತಾ ಡಾಕ್ಟ್ರೇ?” ಎಂದಳು ಹುಡುಗಿ.

“ತುಂಬಾ ಗಟ್ಟಿಯಾಗಿ ಹಿಡ್ಕೊಂಡಿದ್ದೆ ಕಣಮ್ಮಾ,” ಎಂದರು ಅವರು, ಕಣ್ಣು ತೆರೆಯದೆ.