ಸ್ಪೇರ್ ಬಿಟ್ಟ ನಾಲ್ಕು ತಂತಿ

ಗದಗಿನ ಬಸಲಿಂಗಪ್ಪನವರು ಮೂವತ್ನಾಲ್ಕು ವರ್ಷ ಟೆಲಿಫೋನ್ ಲೈನ್‌ಮನ್ ಆಗಿದ್ದವರು. ಅವರು ಹಾಕಿದ ಜಾಯಿಂಟ್ ಎಂಥ ಮಳೆಗೂ ಕೈಕೊಟ್ಟಿದ್ದಿಲ್ಲ...

ರಿಟೈರ್ ಆದ ಮೇಲೆ ಮಾತ್ರ ಅವರ ಕೈಗೆ ಕೆಲಸವೇ ಇಲ್ಲ. "ನೀವು ಕೂಡ್ರಿ ಮಾವಾರ, ನಾ ಮಾಡ್ತೀನಿ" ಎನ್ನುವ ಸೊಸೆಯ ಪ್ರೀತಿಯೇ ಅವರಿಗೆ ಬೇಜಾರು!

ಅವತ್ತು ಸಂಜೆ ನಾಲ್ಕಕ್ಕೆ ಸೊಸೆ ಶೈಲಜಾಳ ಆನ್‌ಲೈನ್ ಡೆಮೊ ಕ್ಲಾಸ್. ಮಗು ಹುಟ್ಟಿದಾಗ ಬಿಟ್ಟ ಟೀಚರ್ ಕೆಲಸ, ಒಂಬತ್ತು ವರ್ಷದ ಮೇಲೆ ಮತ್ತೆ ಸಿಗುವ ಅವಕಾಶ...

ಆದರೆ ಕೆಳಗಿನ ರೌಟರ್‌ನಿಂದ ವೈರ್ ಎಳೆದಿದ್ದ ಮಹಡಿಯ ಕಂಪ್ಯೂಟರ್‌ನಲ್ಲಿ ನಾಲ್ಕು ದಿನದಿಂದ ನೆಟ್ ತೆವಳುತ್ತಿತ್ತು. ವಿಡಿಯೋದಲ್ಲಿ ಅವಳು ಬಾಯಿ ತೆರೆದರೆ ತೆರೆದೇ ಇರುತ್ತಿತ್ತು!

ಕೆಳಗೆ ರೌಟರ್ ಪಕ್ಕ ಕೂತು ಪಾಠ ಮಾಡೋಣವೆಂದರೆ, ಗೋಡೆಯಾಚೆ ಹಿಟ್ಟಿನ ಗಿರಣಿಯ ಗದ್ದಲ.

ಬಸಲಿಂಗಪ್ಪನವರು ರೌಟರ್ ಬಿಸಿಯಾಗಿದೆಯೆಂದು ಬೀಸಣಿಗೆಯಿಂದ ಗಾಳಿ ಹಾಕಿದರು. ಹತ್ತು ಸಲ ಆಫ್ ಮಾಡಿ ಆನ್ ಮಾಡಿದರು. ಊಹೂಂ...

ಮೂರು ಗಂಟೆಗೆ ನೆಟ್ ಕಂಪನಿಯ ದಾವಲ್ ಬಂದ. ತನ್ನ ಲ್ಯಾಪ್‌ಟಾಪನ್ನು ಚಿಕ್ಕ ವೈರಿನಿಂದ ರೌಟರ್‌ಗೆ ಜೋಡಿಸಿ ಸ್ಪೀಡ್ ನೋಡಿದ. ಇನ್ನೂರು! ಮಹಡಿಗೆ ಹೋಗಿ ನೋಡಿದ. ಬರೀ ಎಂಟು!

"ರೌಟರ್ ಛಲೋ ಐತ್ರೀ ಅಕ್ಕಾರ. ನಡುವಿನ ವೈರಿನ್ಯಾಗ ಏನೋ ಆಗೇತಿ."

ಬಸಲಿಂಗಪ್ಪನವರು ಬೀಸಣಿಗೆ ಕೆಳಗಿಟ್ಟರು.

ನಾಲ್ಕು ದಿನದ ಹಿಂದೆ ಮೆಟ್ಟಿಲ ಮೂಲೆಯಲ್ಲಿ ಇಲಿ ಆ ವೈರನ್ನು ಕಡಿದಿತ್ತು. ಸೊಸೆಗೆ ಚಿಂತೆ ಬೇಡವೆಂದು ಯಾರಿಗೂ ಹೇಳದೆ ತಾವೇ ಜಾಯಿಂಟ್ ಹಾಕಿ ಟೇಪ್ ಸುತ್ತಿದ್ದರು. ತಮ್ಮ ಜಾಯಿಂಟ್ ಮೇಲೆ ಅವರಿಗೆ ಅನುಮಾನವೇ ಬಂದಿರಲಿಲ್ಲ.

ದಾವಲ್ ಟೇಪ್ ಬಿಚ್ಚಿದ... ಒಳಗಿದ್ದ ಎಂಟರಲ್ಲಿ ನಾಲ್ಕು ತಂತಿ ಮಾತ್ರ ಕೂಡಿದ್ದವು. ಉಳಿದ ನಾಲ್ಕನ್ನು ಅಚ್ಚುಕಟ್ಟಾಗಿ ಮಡಚಿ ಬದಿಗೆ ಇಡಲಾಗಿತ್ತು.

"ಇದನ್ನ ಯಾರು ಹಾಕಿದ್ರೀ?"

"ನಾನಪಾ... ನಾಕು ಹಚ್ಚಿದ ಕೂಡ್ಲೇ ನೆಟ್ ಬಂತು. ನಮ್ಮ ಫೋನ್ ಕೇಬಲ್‌ನ್ಯಾಗ ಯಾವತ್ತೂ ಒಂದಿಷ್ಟು ತಂತಿ ಸ್ಪೇರ್ ಬಿಡ್ತಿದ್ವಿ, ಮುಂದ ಬೇಕಾಗ್ತಾವಂತ..."

"ಕಾಕಾರ, ಇದು ಜೋರ್ ಓಡಾಕ ಎಂಟೂ ಬೇಕ್ರೀ, ಜೋಡಿ ಜೋಡಿ ಹೊಸೆದ ತಂತಿ ಇಷ್ಟುದ್ದ ಬಿಚ್ಚಲೂಬಾರದು. ಇದರಾಗ ಸ್ಪೇರ್ ಅನ್ನೋದು ಇಲ್ಲ."

ಮುದುಕರು ತಲೆ ತಗ್ಗಿಸಿದರು. "ತಪ್ಪಾತವಾ ಶೈಲಾ... ಈಗ ನಾನೂ ಸ್ಪೇರ್ ತಂತೀನ. ಸುಮ್ಮನ ಮೂಲ್ಯಾಗ ಕುಂತಿದ್ರ ಆಗಿತ್ತು."

ಗಡಿಯಾರದಲ್ಲಿ ಮೂರೂಕಾಲು ದಾಟಿತ್ತು. ಹೊಸ ವೈರ್ ಎಳೆಯಲು ರಾತ್ರಿಯಾಗುತ್ತದೆ ಎಂದ ದಾವಲ್.

"ಕೈಲೆ ಜಾಯಿಂಟ್ ಹಾಕಾಕ ನನಗ ಬರಂಗಿಲ್ರೀ. ನಾವು ಮಷೀನ್ಲೆ ವೈರಿನ ತುದಿಗೆ ಪ್ಲಗ್ ಒತ್ತೋರು. ಆದ್ರ ಕಾಕಾರ... ಇಷ್ಟು ಚಂದದ ಕೈಕೆಲಸ ನಾ ಎಲ್ಲೂ ನೋಡಿಲ್ಲ!"

ಶೈಲಜಾ ಒಳಗೆ ಓಡಿದಳು. ಮಾವನ ಹಳೆಯ ಕಟಿಂಗ್ ಪ್ಲೇಯರ್ ತಂದು ಅವರ ಕೈಗಿಟ್ಟಳು.

"ಹಾಕ್ರಿ ಮಾವಾರ, ಈ ಸಲ ಎಂಟೂ ಹಾಕ್ರಿ! ನೀವು ಮೂಲ್ಯಾಗ ಕುಂತ್ರ ನನ್ನ ಕ್ಲಾಸ್ ನಡಸೋರು ಯಾರು?"

ಬಸಲಿಂಗಪ್ಪನವರ ಕಣ್ಣು ಮಂಜಾಯಿತು. ಆದರೆ ಬೆರಳುಗಳಿಗೆ ದಾರಿ ಗೊತ್ತಿತ್ತು...

"ಹೊಸೆದ ಜೋಡಿ ಜಾಸ್ತಿ ಬಿಚ್ಚಬ್ಯಾಡ್ರಿ" ಎಂದು ದಾವಲ್ ಹೇಳಿಕೊಟ್ಟ. ಕಿತ್ತಳೆ, ಹಸಿರು, ನೀಲಿ, ಕಂದು... ಬಣ್ಣಕ್ಕೆ ಬಣ್ಣ ಸೇರಿಸಿ ಒಂದೊಂದೇ ತಂತಿ ಕೂಡಿಸಿದರು.

ಮೂರು ಐವತ್ತಕ್ಕೆ ಮಹಡಿಯಿಂದ ಕೂಗು ಬಂತು. "ಮಾವಾರ, ನೂರಾ ತೊಂಬತ್ತು!"

ಕ್ಲಾಸ್ ಶುರುವಾಯಿತು. ಇಪ್ಪತ್ತು ಮಕ್ಕಳಿಗೆ ಅವತ್ತಿನ ಪಾಠ ಭಿನ್ನರಾಶಿ.

"ಮಕ್ಕಳೇ, ಒಂದು ವೈರಿನಲ್ಲಿ ಎಂಟು ತಂತಿ. ನಾಲ್ಕನ್ನೇ ಕೂಡಿಸಿದರೆ ಎಷ್ಟು ಭಾಗ ಆಯ್ತು?"

"ಅರ್ಧ!"

"ಉಳಿದರ್ಧ ಕೂಡಿಸಿ ಇವತ್ತು ನನ್ನನ್ನು ನಿಮ್ಮ ಮುಂದೆ ತಂದು ಕೂರಿಸಿದವರು ಇವರು... ನಮ್ಮ ಮಾವ!"

ಕ್ಯಾಮೆರಾ ಬಾಗಿಲ ಕಡೆ ತಿರುಗಿತು. ಪ್ಲೇಯರ್ ಹಿಡಿದು ನಿಂತಿದ್ದ ಬಸಲಿಂಗಪ್ಪನವರಿಗೆ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.

"ಅಜ್ಜಾ, ನಮ್ಮನ್ಯಾಗೂ ನೆಟ್ ಸ್ಲೋ ಐತಿ, ಬರ್ತೀರೇನು?" ಎಂದಳು ಒಬ್ಬ ಪುಟ್ಟಿ.

ಮುದುಕರು ಅಳುತ್ತಲೇ ನಕ್ಕುಬಿಟ್ಟರು... ಶೈಲಜಾಗೆ ಕೆಲಸ ಸಿಕ್ಕಿತು. ದಾವಲ್ ಈಗಲೂ ಜಾಯಿಂಟ್ ಕಲಿಯಲು ಭಾನುವಾರ ಬರುತ್ತಾನೆ!

*ಮನೆಯಲ್ಲಿ ಯಾರೂ ಸ್ಪೇರ್ ಅಲ್ಲ... ಕೂಡಿಸಿಕೊಳ್ಳುವ ಮನಸ್ಸು ಬೇಕು ಅಷ್ಟೇ.*

"ನೀವು ಸುಮ್ಮನೆ ಕೂತ್ಕೊಳ್ಳಿ" ಎಂದು ನೀವು ಬದಿಗೆ ಕೂರಿಸಿದವರು ಯಾರು? ಇವತ್ತು ಅವರ ಕೈಗೆ ಯಾವ ಕೆಲಸ ಕೊಡುತ್ತೀರಿ?